ಒಂಬತ್ತು ತಂಡ, ಒಂದು ಖಾಲಿ ಚೀಟಿ

ನಮ್ಮ ಪ್ರಾದೇಶಿಕ ಫುಟ್‌ಬಾಲ್ ಲೀಗಿನ ವೇಳಾಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದ್ದಕ್ಕೆ ಒಂದೇ ಕಾರಣ. ಆ ದಿನ ಸಭೆಗೆ ನಾನು ತಡವಾಗಿ ಹೋಗಿದ್ದೆ.

9 ತಂಡ. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಬೇಕು. ಒಟ್ಟು 36 ಪಂದ್ಯ. ಇದೇನು ಮಹಾ ಅಂದುಕೊಂಡು ರಾತ್ರಿ ಕೂತು ತೋಚಿದ ಹಾಗೆ ಜೋಡಿ ಬರೆದೆ. ಮೂರು ವಾರದ ಪಟ್ಟಿ ಸಲೀಸಾಗಿ ಬಂತು. ಆರನೇ ವಾರಕ್ಕೆ ಬರುವಷ್ಟರಲ್ಲಿ ಜೋಡಿಗಳು ಹೊಂದುತ್ತಲೇ ಇಲ್ಲ. ಒಂದು ತಂಡಕ್ಕೆ ಒಂದೇ ದಿನ ಎರಡು ಪಂದ್ಯ, ಇನ್ನೊಂದಕ್ಕೆ ಮೂರು ವಾರ ರಜೆ!

ಕೊನೆಗೆ ವಯಸ್ಸಾದ ರೆಫರಿಯೊಬ್ಬರು ಚೀಟಿಯ ಲೆಕ್ಕ ಹೇಳಿಕೊಟ್ಟರು. 9 ಚೀಟಿಯಲ್ಲಿ ತಂಡಗಳ ಹೆಸರು, ಹತ್ತನೆಯದು ಖಾಲಿ. ಐದೈದರ ಎರಡು ಸಾಲು ಮಾಡಿ ಎದುರುಬದುರು ಇಡಬೇಕು. ಎದುರಿಗೆ ಬಂದವರು ಆ ವಾರದ ಜೋಡಿ. ಖಾಲಿ ಚೀಟಿಗೆ ಎದುರಾದವರಿಗೆ ಬೈ, ಅಂದರೆ ಆ ವಾರ ಪಂದ್ಯ ಇಲ್ಲ. ಮುಂದಿನ ವಾರಕ್ಕೆ ಮೂಲೆಯ ಒಂದು ಚೀಟಿಯನ್ನು ಅಲ್ಲಾಡಿಸದೆ, ಉಳಿದವನ್ನೆಲ್ಲ ಗಡಿಯಾರದ ಮುಳ್ಳಿನ ಹಾಗೆ ಒಂದೊಂದು ಮನೆ ಸರಿಸಬೇಕು. 9 ವಾರಕ್ಕೆ ಪಟ್ಟಿ ಮುಗಿಯುತ್ತದೆ, ಪ್ರತಿ ತಂಡಕ್ಕೂ ಸರಿಯಾಗಿ ಒಂದೇ ಬೈ. ಹತ್ತು ನಿಮಿಷದ ಕೆಲಸ. ನಾನು ಒಂದು ರಾತ್ರಿ ಹಾಳು ಮಾಡಿಕೊಂಡಿದ್ದೆ.

ನಿಜವಾದ ತಲೆನೋವು ಶುರುವಾಗಿದ್ದು ಆಮೇಲೆ. ನಮ್ಮ ನಿಯಮ ಒಂದೇ ಸಾಲಿನದು: ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಪಾಯಿಂಟ್ ಸಮವಾದರೆ ಗೋಲಿನ ಅಂತರ (ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು). ಸಾಕಲ್ವಾ ಅಂದುಕೊಂಡಿದ್ದೆವು. ಸೀಸನ್ ಮಧ್ಯದಲ್ಲಿ ಒಂದು ತಂಡ 5 ಪಂದ್ಯ ಆಡಿ ಕೈ ಎತ್ತಿತು. ಆ ತಂಡವನ್ನು ನೀಲಿ ಜೆರ್ಸಿಯವರು ಆಗಲೇ 7–0ರಿಂದ ಹೊಡೆದಿದ್ದರು. ಕೆಂಪು ಜೆರ್ಸಿಯವರ ಪಂದ್ಯ ಇನ್ನೂ ಬಾಕಿ ಇತ್ತು. ಈಗೇನು ಮಾಡುವುದು? ಆಡಿದ್ದನ್ನು ಉಳಿಸಿಕೊಂಡು, ಆಡದವರಿಗೆ 3–0 ಗೆಲುವು ಕೊಡುವುದಾ? ಅಥವಾ ಆ ತಂಡದ ಎಲ್ಲ ಫಲಿತಾಂಶ ಅಳಿಸುವುದಾ? ಅಳಿಸಿದೆವು. ಸುಲಭ ಅನ್ನಿಸಿತ್ತು, ಅಷ್ಟೇ.

ಕೊನೆಯ ದಿನ ನೀಲಿಯವರೂ ಕೆಂಪಿನವರೂ 16 ಪಾಯಿಂಟ್‌ಗೆ ನಿಂತರು. ಗೋಲಿನ ಅಂತರದಲ್ಲಿ ಕೆಂಪು 2 ಮುಂದೆ, ಕಪ್ ಅವರಿಗೇ. ಮನೆಗೆ ಬಂದು ಸುಮ್ನೆ ಲೆಕ್ಕ ಹಾಕಿದೆ. ಫಲಿತಾಂಶ ಉಳಿಸಿದ್ದರೆ ನೀಲಿಗೆ 7 ಸೇರುತ್ತಿತ್ತು, ಕೆಂಪಿಗೆ ಬರೀ 3. ಅಂದರೆ ನೀಲಿಯವರೇ 2 ಗೋಲು ಮುಂದೆ ಇರುತ್ತಿದ್ದರು. ಅವತ್ತು ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಇದ್ದದ್ದು ಒಂದೇ ಮೈದಾನ. ಕೊನೆಯ ದಿನ ನೀಲಿಯವರು ಮೊದಲು ಆಡಿದರು, ಕೆಂಪಿನವರು ಆಮೇಲೆ. ಎಷ್ಟು ಗೋಲು ಬೇಕು ಅಂತ ಗೊತ್ತಿಟ್ಟುಕೊಂಡೇ ಕೆಂಪಿನವರು ಇಳಿದರು. 1982ರ ವಿಶ್ವಕಪ್ಪಿನಲ್ಲಿ ಆದದ್ದೂ ಇದೇ ಜಾತಿಯ ಗೋಳು. ಅಲ್ಜೀರಿಯಾ, ಪಶ್ಚಿಮ ಜರ್ಮನಿ, ಆಸ್ಟ್ರಿಯಾ ಒಂದೇ ಗುಂಪಿನಲ್ಲಿದ್ದವು. ಅಲ್ಜೀರಿಯಾದ ಕೊನೆಯ ಪಂದ್ಯ ಹಿಂದಿನ ದಿನವೇ ಮುಗಿದಿತ್ತು. ಆಸ್ಟ್ರಿಯಾ ಮೇಲೆ ಪಶ್ಚಿಮ ಜರ್ಮನಿ 1–0ರಿಂದ ಗೆದ್ದರೆ ಇಬ್ಬರೂ ಮುಂದಿನ ಸುತ್ತಿಗೆ. ಗೋಲು ಬೇಗ ಬಂತು, ಉಳಿದ ಹೊತ್ತು ಇಬ್ಬರೂ ಚೆಂಡು ಉರುಳಿಸಿಕೊಂಡು ಕಾಲ ಕಳೆದರು. ಅಲ್ಜೀರಿಯಾ ಹೊರಗೆ. ಅಂದಿನಿಂದ ಗುಂಪಿನ ಕೊನೆಯ ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗುತ್ತವೆ. ಇದು ಗೊತ್ತಿದ್ದೂ ನಾನು ಎಡವಿದೆ.

ಮುಂದಿನ ಸೀಸನ್‌ಗೆ ಕೊನೆಯ ದಿನಕ್ಕೆ ಇನ್ನೊಂದು ಮೈದಾನ ಹಿಡಿದೆವು. ನಿಯಮ ಎರಡು ಪುಟವಾಯಿತು. ಅರ್ಧಕ್ಕಿಂತ ಕಡಿಮೆ ಆಡಿ ಬಿಟ್ಟವರ ಫಲಿತಾಂಶ ಅಳಿಸುವುದು, ಅದಕ್ಕಿಂತ ಜಾಸ್ತಿ ಆಡಿದ್ದರೆ ಉಳಿಸಿಕೊಂಡು ಬಾಕಿಯವರಿಗೆ 3–0. ಪಾಯಿಂಟ್ ಸಮವಾದರೆ ಮೊದಲು ಪರಸ್ಪರ ಆಡಿದ ಪಂದ್ಯ, ಆಮೇಲೆ ಗೋಲಿನ ಅಂತರ. ಸ್ಪೇನ್ ಲೀಗಿನಲ್ಲಿ ಹಾಗೆ, ಇಂಗ್ಲೆಂಡಿನಲ್ಲಿ ಗೋಲಿನ ಅಂತರವೇ ಮೊದಲು. ಇದರ ಮೇಲೆ ಎರಡು ಸಂಜೆ ಜಗಳವಾಯಿತು. ಅದೂ ಸಮವಾದರೆ ಕಡಿಮೆ ಕಾರ್ಡ್ ಪಡೆದವರು ಮೇಲೆ ಅಂದಾಗ ಕೆಲವರು ನಕ್ಕರು. 2018ರ ವಿಶ್ವಕಪ್ಪಿನಲ್ಲಿ ಸೆನೆಗಲ್ ಮನೆಗೆ ಹೋದದ್ದು ಜಪಾನಿಗಿಂತ ಎರಡು ಹಳದಿ ಕಾರ್ಡ್ ಜಾಸ್ತಿ ಇದ್ದದ್ದಕ್ಕೇ ಅಂದೆ. ನಗು ನಿಂತಿತು.

ಆ ಸೀಸನ್‌ನಲ್ಲಿ ಯಾರೂ ಮಧ್ಯದಲ್ಲಿ ಬಿಟ್ಟು ಹೋಗಲಿಲ್ಲ. ಪಾಯಿಂಟ್ ಸಮವಾಗಲೂ ಇಲ್ಲ. ನೀಲಿಯವರ ಕೋಚ್ ಮಾತ್ರ ಈಗಲೂ ಸಿಕ್ಕಾಗ ನಮಸ್ಕಾರದ ಬದಲು ‘7–0’ ಅನ್ನುತ್ತಾರೆ.