ಗಾಯಕ ಹೋದ ಮೇಲೆ ಬ್ಯಾಂಡ್ ಬಿತ್ತು ಅನ್ನುವ ಮೊದಲು ಏನೇನು ಕೇಳಬೇಕು

ಮಂಗಳೂರಿನ ಬಿಜೈಯ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಸಂಜೆ ನಾವು ನಾಲ್ಕೈದು ಮಂದಿ ಸೇರುತ್ತೇವೆ. ಗೋಳಿಬಜೆ, ಚಾ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಮಾತು ಬಂದೇ ಬರುತ್ತದೆ. "ಇಯಾನ್ ಗಿಲನ್ ಹೋದ ದಿನವೇ ಅದು ಮುಗಿಯಿತು ಮಾರಾಯ" ಎಂದು ಒಬ್ಬ. "ಕವರ್‌ಡೇಲ್ ಹಾಡಿದ್ದನ್ನು ನೀನು ಸರಿಯಾಗಿ ಕೇಳಿದ್ದುಂಟಾ?" ಎಂದು ಇನ್ನೊಬ್ಬ. ಗಿಲನ್ ಅದರ ಗಾಯಕ, ಅವನು ಹೋದ ಮೇಲೆ ಆ ಜಾಗಕ್ಕೆ ಬಂದವನು ಕವರ್‌ಡೇಲ್. ಇಪ್ಪತ್ತೆರಡು ವರ್ಷ ರೋಸ್ (ನಮ್ಮ ಕ್ರೈಸ್ತರ ಮದುವೆಗೆ ಮೊದಲಿನ ಶಾಸ್ತ್ರ), ಮದುವೆಗಳಲ್ಲಿ ಬೇಸ್ ಗಿಟಾರ್ ನುಡಿಸಿದವನು ನಾನು. ಈ ವಾದ ನನಗೆ ಪ್ರೀತಿಯದ್ದು. ಆದರೆ ನೆನಪಿನಿಂದ ವಾದ ಮಾಡಿದರೆ ಬರೀ ಗಂಟಲು ನೋವು. ಹಾಕಿ ಕೇಳುತ್ತಾ ಮಾಡಬೇಕು. ನಮ್ಮಲ್ಲಿ ಈಗ ಒಂದು ಕ್ರಮ ಉಂಟು, ಅದನ್ನೇ ಹೇಳುತ್ತೇನೆ.

ಗಾಯಕ ಹೋದ ನಂತರದ ಆಲ್ಬಂನಿಂದ ಶುರು ಮಾಡಬೇಡಿ. ಅವನು ಇದ್ದಾಗಿನ ಕೊನೆಯದರಿಂದ ಶುರು ಮಾಡಿ. ಗಿಲನ್ ಬಿಡುವ ಮೊದಲು ಬ್ಯಾಂಡಿನೊಂದಿಗೆ ಕೊನೆಯ ಬಾರಿ ಹಾಡಿದ್ದು 1973ರ ಜೂನ್ 29ರಂದು, ಜಪಾನಿನ ಒಸಾಕಾದಲ್ಲಿ. ಅದೇ ವರ್ಷದ ಆರಂಭದಲ್ಲಿ ಬಂದಿತ್ತು 'ಹೂ ಡು ವಿ ಥಿಂಕ್ ವಿ ಆರ್' ಆಲ್ಬಂ. ಅದಕ್ಕೆ ಮೊದಲು 1972ರ 'ಮಷೀನ್ ಹೆಡ್' ಹಾಕಿ, ಕೂಡಲೇ ಇದನ್ನು ಹಾಕಿ. ಹಾಡುವವನು ಅವನೇ, ಗಿಟಾರ್ ರಿಚೀ ಬ್ಲ್ಯಾಕ್‌ಮೋರ್‌ನದೇ, ಡ್ರಮ್ಸ್ ಇಯಾನ್ ಪೇಸ್‌ನದೇ. ಆದರೂ ಎರಡನೆಯದರಲ್ಲಿ ಮೊದಲ ಹಾಡು ದಾಟಿದ ಮೇಲೆ ದಣಿವು ಕೇಳಿಸುತ್ತದೆ. ಬಿಡುವಿಲ್ಲದ ತಿರುಗಾಟ, ಗಿಲನ್‌ಗೂ ಬ್ಲ್ಯಾಕ್‌ಮೋರ್‌ಗೂ ಮಾತು ಸರಿಯಿರಲಿಲ್ಲ. ಬಿಡುತ್ತೇನೆಂದು ಗಿಲನ್ 1972ರಲ್ಲೇ ಬರೆದು ಕೊಟ್ಟಿದ್ದ. ಅಂದರೆ ಇಳಿಜಾರು ಅವನ ಜೊತೆಯಲ್ಲೇ ಶುರುವಾಗಿತ್ತು. ನಮ್ಮಲ್ಲಿ ಈ ಒಂದು ಕೆಲಸಕ್ಕೇ ಒಂದು ಸಂಜೆ ಹೋಯಿತು. ಹೋಗಲಿ, ಅಷ್ಟು ಹೊತ್ತು ಕೊಡಬೇಕು.

ಆಮೇಲೆ, ಹೋದವರು ಯಾರ್ಯಾರು ಎಂದು ಲೆಕ್ಕ ಹಾಕಿ. ಗಿಲನ್ ಜೊತೆಗೇ ರೋಜರ್ ಗ್ಲೋವರ್ ಕೂಡ ಹೋದ. ಬೇಸ್ ನುಡಿಸುವವನು. ಈ ಹೆಸರು ವಾದದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಅದು ನನಗೆ ನಿಜಕ್ಕೂ ನೋವು. ಅವನ ಜಾಗಕ್ಕೆ ಬಂದ ಗ್ಲೆನ್ ಹ್ಯೂಸ್ ಬೇಸ್ ನುಡಿಸುತ್ತಾ ಹಾಡುವವನೂ ಹೌದು. ಹಾಗಾಗಿ ಒಂದು ದನಿ ಹೋಗಿ ಎರಡು ದನಿ ಬಂತು. ಬ್ಯಾಂಡಿನ ತಳವೇ ಬದಲಾದದ್ದನ್ನು 'ಗಾಯಕ ಬದಲಾದ' ಎಂದರೆ ಮಾತು ಅರ್ಧಕ್ಕೆ ನಿಂತ ಹಾಗೆ.

ಹೊಸ ಗಾಯಕನನ್ನು ಹಳೆಯವನ ಹಾಡಿನಲ್ಲಿ ಅಳೆಯಬೇಡಿ. ಇದನ್ನು ನಾನು ಅನುಭವದಿಂದಲೇ ಹೇಳುವುದು. ನಮ್ಮ ಬ್ಯಾಂಡಿನ ಹಾಡುಗಾರ ಕೆಲಸ ಸಿಕ್ಕಿ ಕುವೈತ್‌ಗೆ ಹೋದಾಗ ಇಗರ್ಜಿಯ ಕೊಯರ್‌ನಲ್ಲಿ ಹಾಡುತ್ತಿದ್ದ ಒಬ್ಬ ಹುಡುಗನನ್ನು ಕರೆತಂದೆವು. ಒಳ್ಳೆಯ ದನಿ, ಆದರೆ ದಪ್ಪ, ಮೇಲಕ್ಕೆ ಹೋಗದು. ಇ ಸ್ಕೇಲಿನ ಹಾಡುಗಳನ್ನೆಲ್ಲ ಡಿಗೆ ಇಳಿಸಿದೆವು. ಬೇಸ್‌ನ ಅತಿ ದಪ್ಪ ತಂತಿ ಇ. ಬೆರಳು ಒತ್ತದೆ ಅದನ್ನು ಮೀಟಿದರೆ ಎದೆಗೆ ತಾಗುವ ಒಂದು ಗುಂಯ್ ಬರುತ್ತದಲ್ಲ, ಹಾಡು ನಿಂತಿದ್ದೇ ಅದರ ಮೇಲೆ. ಡಿಗೆ ಇಳಿಸಿದ ಮೇಲೆ ಆ ತಳದ ಸ್ವರವೇ ನನ್ನ ಗಿಟಾರಿನಲ್ಲಿ ಇಲ್ಲ. ಮೇಲಿನ ಡಿ ಹಿಡಿಯಬೇಕು, ಹಾಡು ತೆಳ್ಳಗಾಗುತ್ತದೆ. ಕೆಳಗೆ ಕೂತವರು "ಹುಡುಗ ಸಾಲದು" ಎಂದರು. ಹುಡುಗನ ತಪ್ಪು ಏನೂ ಇರಲಿಲ್ಲ. ಅವನ ದನಿಗೆ ಹೊಂದುವ ಹಾಡು ಆರಿಸಿದ ದಿನ ಅದೇ ಜನ ಕುಣಿದರು.

ಡೀಪ್ ಪರ್ಪಲ್ ಇದನ್ನು ಅರಿತವರ ಹಾಗೆ ನಡೆದುಕೊಂಡರು. 1974ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಗೀತೋತ್ಸವ ಕ್ಯಾಲಿಫೋರ್ನಿಯಾ ಜಾಮ್‌ನಲ್ಲಿ ನುಡಿಸಿದ್ದರಲ್ಲಿ ಹೆಚ್ಚಿನವು ಹೊಸ ಹಾಡುಗಳು. ಗಿಲನ್ ಮೆಟ್ಟಿಲು ಮೆಟ್ಟಿಲಾಗಿ ಕಿರುಚುವವರೆಗೆ ಏರುತ್ತಿದ್ದ 'ಚೈಲ್ಡ್ ಇನ್ ಟೈಮ್' ಅದರಲ್ಲಿ ಇಲ್ಲ.

ಈಗ 1974ರ ಆಲ್ಬಂ 'ಬರ್ನ್' ಹಾಕಿ. ಒಂದು ಕಾಗದ ಇಟ್ಟುಕೊಂಡು ಯಾವ ಸಾಲು ಡೇವಿಡ್ ಕವರ್‌ಡೇಲ್‌ನದು, ಯಾವುದು ಹ್ಯೂಸ್‌ನದು ಎಂದು ಗುರುತು ಹಾಕಿ. ಕವರ್‌ಡೇಲ್ ಆಗ ಬಟ್ಟೆ ಅಂಗಡಿಯಲ್ಲಿ ದುಡಿಯುತ್ತಿದ್ದ, ಹೆಸರಿಲ್ಲದ ಹುಡುಗ, ಇಪ್ಪತ್ತೆರಡು ತುಂಬುತ್ತಿತ್ತು. ಕೆಳಗಿನ ಒರಟು ದನಿ ಅವನದು, ಅದರ ಮೇಲೆ ಹಾರುವುದು ಹ್ಯೂಸ್. 'ಮಿಸ್‌ಟ್ರೀಟೆಡ್' ಮಾತ್ರ ಕವರ್‌ಡೇಲ್ ಒಬ್ಬನದೇ. ಅದನ್ನು ದೀಪ ಆರಿಸಿ ಕೇಳಿ. ಅದನ್ನು ಕೇಳಿದ ಮೇಲೂ 'ಬ್ಯಾಂಡ್ ಮುಗಿದಿತ್ತು' ಎನ್ನುವವರಿಗೆ ನಾನು ಒಪ್ಪುವುದಿಲ್ಲ.

ಆದರೆ ಕಳೆದುಹೋದದ್ದನ್ನೂ ಕೇಳಬೇಕು, ಅದು ನ್ಯಾಯ. 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೊಗಳಲ್ಲಿ ಧ್ವನಿಮುದ್ರಿಸಿದ 'ಮೇಡ್ ಇನ್ ಜಪಾನ್'ನಲ್ಲಿ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಉಂಟು. ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ಎಸೆಯುತ್ತಾನೆ, ಗಿಲನ್ ಅದನ್ನೇ ಗಂಟಲಿನಲ್ಲಿ ಹಿಂದಿರುಗಿಸುತ್ತಾನೆ. ಭಾಗವತರೂ ಚೆಂಡೆಯವರೂ ಒಬ್ಬರನ್ನೊಬ್ಬರು ಕೆಣಕುವ ಹೊತ್ತಿನ ಹಾಗೆ. ಗಿಲನ್ ಹೋದ ಮೇಲೆ, ಅವನು ವಾಪಸು ಬರುವವರೆಗೆ, ಅವರಿಬ್ಬರ ಆ ಸವಾಲು ಜವಾಬು ಇರಲಿಲ್ಲ. ಗಿಲನ್ ಪರ ವಾದಿಸುವವರು ಹಿಡಿಯಬೇಕಾದ ಹಾಡು ಇದು.

ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಬಡಗುತಿಟ್ಟಿನ, ಅಂದರೆ ಅವರ ಶೈಲಿಯ ಆಟ ನೋಡುವ, ಎಷ್ಟೋ ಜನ ಹೊಸ ಭಾಗವತರ ಪದ್ಯ ಕೇಳುವಾಗಲೂ ಮನಸ್ಸಿನಲ್ಲಿ ನಾವಡರನ್ನೇ ಕೇಳುತ್ತಿದ್ದರು. ನನ್ನ ಕುಂದಾಪುರದ ಭಾವನೂ ಹಾಗೆಯೇ. ಅದು ದುಃಖ, ಅದಕ್ಕೆ ಉತ್ತರ ಕೊಡಲು ಹೋಗಬಾರದು. ವಾದಕ್ಕೆ ಕೂತವನು ದುಃಖದಲ್ಲಿದ್ದಾನೆ ಎಂದು ಗೊತ್ತಾದರೆ ಆ ಸಂಜೆ ಸುಮ್ಮನೆ ಹಾಡು ಹಾಕಿ.

ಕುಸಿದದ್ದು ಯಾವಾಗ? 1974ರ ಕೊನೆಯ 'ಸ್ಟಾರ್ಮ್‌ಬ್ರಿಂಗರ್' ಫಂಕ್ ಎಂಬ ಕುಣಿತದ ಲಯದ ಸಂಗೀತದ ಕಡೆಗೆ ವಾಲಿತು, ಬ್ಲ್ಯಾಕ್‌ಮೋರ್‌ಗೆ ಅದು ಹಿಡಿಸಲಿಲ್ಲ, 1975ರಲ್ಲಿ ಬಿಟ್ಟ. 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನ ಕಾರ್ಯಕ್ರಮದೊಂದಿಗೆ ಎಲ್ಲ ನಿಂತಿತು. ನನ್ನ ಲೆಕ್ಕದಲ್ಲಿ ಮನೆ ಬಿದ್ದದ್ದು ಗಿಟಾರ್ ಹೋದಾಗ.

ಕೊನೆಗೆ 1984ರ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಹಾಕಿ, ಮೊದಲೇ ಹಾಕಬೇಡಿ. ಗಿಲನ್, ಗ್ಲೋವರ್ ಸೇರಿ ಹಳೆಯ ಐವರೂ ವಾಪಸು ಬಂದದ್ದು ಅದರಲ್ಲಿ. ಹೋದ ಮಳೆಗಾಲದಲ್ಲಿ ನಮ್ಮ ಗಿಲನ್ ಪಕ್ಷದವನು ಅದನ್ನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಗ್ಲೋವರ್‌ನ ಬೇಸ್ ಎಲ್ಲಿ ಕೇಳಬೇಕು, ತೋರಿಸು" ಎಂದ. ಮೊದಲಿನಿಂದ ಮತ್ತೆ ಹಾಕಿದೆ.