ಮೂರು ಬೋಟುಗಳ ಒಬ್ಬಳೇ ಮಹಾಲಕ್ಷ್ಮಿ

ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೂ ನನಗೆ ಹಳೆಯದೆಲ್ಲ ನೆನಪಿದೆ. ಹದಿನೇಳರ ಮಗ್ಗಿ ತಪ್ಪದೆ ಹೇಳುತ್ತೇನೆ. ನಿಲ್ಲದಿರುವುದು ಹೊಸತು: ಹತ್ತು ನಿಮಿಷದ ಹಿಂದೆ ಕೇಳಿದ ಹೆಸರು, ಈಗಷ್ಟೇ ‘ಆಯಿತು’ ಎಂದು ಒಪ್ಪಿಕೊಂಡ ಕೆಲಸ. ಇಂಥ ತಲೆ ಹೊತ್ತುಕೊಂಡು ಮಲ್ಪೆಯಲ್ಲಿ ಬೋಟಿನ ಬಿಡಿಭಾಗ ಮಾರುವ ಅಂಗಡಿಯೊಂದಕ್ಕೆ ಲೆಕ್ಕ ಬರೆಯಲು ಸೇರಿದೆ.

ಸೇರಿದ್ದು ಜುಲೈಯಲ್ಲಿ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದುರಸ್ತಿಯವರು ಮಾತ್ರ ಮಳೆಯಲ್ಲಿ ತೊಯ್ದುಕೊಂಡು ನಿಧಾನಕ್ಕೆ ಬರುತ್ತಿದ್ದರು. ಇಷ್ಟೇ ತಾನೆ, ಸುಧಾರಿಸಬಹುದು ಎಂದುಕೊಂಡೆ. ಮರೆವಿನ ವಿಷಯ ಯಾರಿಗೂ ಹೇಳಲಿಲ್ಲ.

ಆಗಸ್ಟ್ ಬಂತು. ಬೆಳಗಾಗುವ ಮೊದಲೇ ಬೋಟು ನಡೆಸುವ ತಾಂಡೇಲರು ಕೌಂಟರಿನ ಮುಂದೆ. ಒಬ್ಬರಿಗೆ ಫ್ಯಾನ್ ಬೆಲ್ಟ್, ಇನ್ನೊಬ್ಬರಿಗೆ ಗ್ರೀಸ್, ಎಲ್ಲವೂ ಸಾಲದ ಲೆಕ್ಕಕ್ಕೆ, ಎಲ್ಲರಿಗೂ ಈಗಲೇ ಬೇಕು. ಉಚ್ಚಿಲದ ಮಹಾಲಕ್ಷ್ಮಿ ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರ ಕುಲದೇವತೆ. ಹಾಗಾಗಿ ನಮ್ಮ ಖಾತೆ ಪುಸ್ತಕದಲ್ಲಿ ಒಂದು ‘ಮಹಾಲಕ್ಷ್ಮಿ’, ಒಂದು ‘ಶ್ರೀ ಮಹಾಲಕ್ಷ್ಮಿ’, ಒಂದು ‘ಮಹಾಲಕ್ಷ್ಮಿ ಕೃಪಾ’. ಒಂದು ಬೋಟಿಗೆ ಹೋದ ನಾಲ್ಕು ಡೀಸೆಲ್ ಫಿಲ್ಟರುಗಳನ್ನು ನಾನು ಇನ್ನೊಂದರ ಲೆಕ್ಕಕ್ಕೆ ಬರೆದೆ. ತಿಂಗಳ ಕೊನೆಗೆ ಆ ತಾಂಡೇಲ ಚೀಟಿಯನ್ನು ಗಾಜಿನ ಮೇಲೆ ಇಟ್ಟು, ದನಿ ಏರಿಸದೆ, “ಅಕ್ಕ, ನಾನು ಒಯ್ಯದ ಸಾಮಾನಿಗೆ ನಾನು ಕೊಡಬೇಕೆ?” ಎಂದು ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಅಂದು ಸಂಜೆ ಧಣಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಗರ್ವ ಅಲ್ಲ ಅದು” ಎಂದರು. ನಿನ್ನೆ ಅರ್ಧ ಗಂಟೆ ಮಾತಾಡಿದವರನ್ನು ಇಂದು ಗುರುತಿಲ್ಲದಂತೆ ನೋಡುತ್ತೇನೆಂದು ಗಿರಾಕಿಗಳು ದೂರಿದ್ದರಂತೆ. ಮುಚ್ಚಿಟ್ಟು ನಾನು ಉಳಿಸಿಕೊಂಡದ್ದು ಈ ಮರ್ಯಾದೆ!

ಮಣಿಪಾಲದಲ್ಲಿ ನನ್ನನ್ನು ನೋಡುತ್ತಿದ್ದ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವರು, ಒಂದು ಮಾತು ಹೇಳಿದ್ದರು: ಊಹಿಸಬೇಡಿ. ನಾವೆಲ್ಲ “ಯೋಚಿಸು, ನೆನಪಾಗುತ್ತದೆ” ಎಂಬ ಬೈಗುಳ ಕೇಳಿ ಬೆಳೆದವರು. ನನಗೆ ಇದು ವಿಚಿತ್ರವೆನಿಸಿತ್ತು. ಆದರೆ ಪೆಟ್ಟು ತಿಂದ ಮೆದುಳಿನ ತೊಂದರೆಯೇ ಅದು. ತಪ್ಪು ಉತ್ತರ ಹೇಳಿದ್ದು ಮರೆತರೂ ಆ ತಪ್ಪು ಮಾತ್ರ ಒಳಗೆ ಉಳಿದು, ಮುಂದಿನ ಸಲ ಅದೇ ಮೊದಲು ಬಾಯಿಗೆ ಬರುತ್ತದೆ. ಹಾಗಾಗಿ ಮೊದಲು ನೋಡು, ಆಮೇಲೆ ಹೇಳು. ನಾನು ಬೋಟಿನ ಹೆಸರು ಕೇಳುವುದನ್ನೇ ಬಿಟ್ಟು ನೋಂದಣಿ ಸಂಖ್ಯೆ ಕೇಳತೊಡಗಿದೆ. ಸಂಖ್ಯೆಯನ್ನು ಗಟ್ಟಿಯಾಗಿ ತಿರುಗಿ ಹೇಳುತ್ತೇನೆ, ತಾಂಡೇಲರು ‘ಹೌದು’ ಎಂದ ಮೇಲೆಯೇ ಬರೆಯುತ್ತೇನೆ. ಮೊದಲ ವಾರ ಕೆಲವರು ನಕ್ಕರು. ನಗಲಿ.

ನಿತ್ಯ ಬರುವ ಇಪ್ಪತ್ತು ಬೋಟುಗಳ ಸಂಖ್ಯೆಗಳನ್ನು ಮಾತ್ರ ಕಲಿಯಲು ಕುಳಿತೆ. ಚೀಟಿ ನೋಡಿ ಹೇಳುವುದು, ಒಂದು ನಿಮಿಷ ಬಿಟ್ಟು ಹೇಳುವುದು, ಆಮೇಲೆ ಐದು ನಿಮಿಷ, ಊಟದ ಹೊತ್ತು, ಮರುದಿನ ಬೆಳಿಗ್ಗೆ. ತಡವರಿಸಿದರೆ ಊಹಿಸದೆ ಚೀಟಿ ನೋಡಿ, ಅಂತರ ಮತ್ತೆ ಕಿರಿದು ಮಾಡುವುದು. ದಿನಕ್ಕೆ ಎರಡೇ ಬೋಟು. ಒಂದೇ ಕೂರಿಕೆಯಲ್ಲಿ ಐವತ್ತು ಸಲ ಉರು ಹೊಡೆದಾಗ ನಿಲ್ಲದಿದ್ದದ್ದು ಹೀಗೆ ನಿಂತಿತು.

ಇನ್ನು ಪುಸ್ತಕ. ಒಂದೇ ಪುಸ್ತಕ, ಬಲೆಯ ದಾರದಿಂದ ಕೌಂಟರಿಗೆ ಕಟ್ಟಿದ್ದು. ಪೆನ್ನೂ ಅದಕ್ಕೇ ಕಟ್ಟಿದ್ದು. ಎಡಕ್ಕೆ ಕೇಳಿದ್ದು, ಬಲಕ್ಕೆ ಮಾಡಿದ್ದು. ಬಲಗಡೆ ಖಾಲಿಯಿದ್ದರೆ ಅದು ಇನ್ನೂ ಆಗಿಲ್ಲ, ನನ್ನ ಮನಸ್ಸು ಏನೇ ಪ್ರಮಾಣ ಮಾಡಲಿ. ಮೊದಲು ಚೀಟಿಗಳಲ್ಲಿ ಬರೆಯುತ್ತಿದ್ದೆ. ಚೀಟಿ ಎಲ್ಲಿಟ್ಟೆ ಎಂಬುದನ್ನು ಬರೆಯಲು ಇನ್ನೊಂದು ಚೀಟಿ ಬೇಕಾಗುತ್ತಿತ್ತು.

ಮೊಬೈಲಿನ ಅಲಾರಾಂ ಕೂಡ ಬಳಸುತ್ತೇನೆ, ಆದರೆ ಬರೀ ಸದ್ದು ನಂಬಬೇಡಿ. ಹನ್ನೊಂದಕ್ಕೆ ಅದು ಬಡಿದುಕೊಳ್ಳುವಾಗ ಏತಕ್ಕೆಂದು ತಿಳಿಯದೆ ಕಪಾಟಿನ ಮುಂದೆ ನಿಂತಿದ್ದೇನೆ. ಈಗ ಪರದೆಯ ಮೇಲೆ ಪೂರ್ತಿ ವಾಕ್ಯವೇ ಬರುತ್ತದೆ: ‘ಮಂಗಳೂರಿಗೆ ಫೋನ್ ಮಾಡು, ವೈರ್ ರೋಪ್ ಹೊರಟಿದೆಯೇ ಕೇಳು.’ ಬಿಲ್ಲಿಂಗ್ ಕಲಿಯುವುದು ಮಾತ್ರ ಅಷ್ಟು ಕಷ್ಟವಾಗಲಿಲ್ಲ. ಕೈ ಕಲಿಯುವ ದಾರಿಯೇ ಬೇರೆ. ಯಾವ ಕೀಲಿ ಒತ್ತಿದೆ ಎಂದು ಕೇಳಿದರೆ ಹೇಳಲಾರೆ, ಬೆರಳುಗಳು ಒತ್ತುತ್ತವೆ.

ಸರಿಹೋಗದ್ದೂ ಇದೆ. ನಗದು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಣಿಕೆ ಹೋಯಿತೆಂದೇ ಲೆಕ್ಕ. ಅದಕ್ಕೆ ಎಣಿಸುವಾಗ ಫೋನ್ ಎತ್ತುವುದಿಲ್ಲ, ಧಣಿಗಳೇ ಕರೆದರೂ ಎಡಗೈ ಎತ್ತಿ ತಡೆಯುತ್ತೇನೆ. ಅದು ಅವರಿಗೆ ಇನ್ನೂ ಹಿಡಿಸಿಲ್ಲ.