ಗುಂಯ್‌ಗುಟ್ಟಿ ನಿಂತ ವಾಷಿಂಗ್ ಮಷೀನನ್ನು ಮನೆಯಲ್ಲೇ ಸರಿಪಡಿಸಿದ ನನ್ನ ಅನುಭವ

ಮಂಡ್ಯದ ಗುತ್ತಲು ರಸ್ತೆಯ ಕಡೆ ಬಾಡಿಗೆ ಮನೆಯಲ್ಲಿರುವ ನಾವು ಬಳಸುವುದು ಒಗೆಯಲು ಒಂದು, ಹಿಂಡಲು ಒಂದು ತೊಟ್ಟಿ ಇರುವ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನು. ಅದರ ಒಗೆಯುವ ಕಡೆಯ ಟೈಮರ್ ತಿರುಗಿಸಿದರೆ ಮೋಟಾರು ಗುಂಯ್ ಎನ್ನುತ್ತಿತ್ತೇ ಹೊರತು ತೊಟ್ಟಿಯ ತಳದಲ್ಲಿ ಬಟ್ಟೆ ತಿರುಗಿಸುವ ಚಕ್ರವಾದ ಪಲ್ಸೇಟರ್ ತಿರುಗುತ್ತಿರಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ಹಿಂಬದಿಯ ಮುಚ್ಚಳವನ್ನೂ ಬಿಚ್ಚದೆ, ಮೋಟಾರಿನ ಕಾಯಿಲ್ (ಒಳಗಿನ ತಂತಿಯ ಸುರುಳಿ) ಸುಟ್ಟಿದೆ, ಹೊಸ ಮೋಟಾರಿಗೆ 2,800 ರೂಪಾಯಿ ಆಗುತ್ತದೆ ಎಂದು ಹೇಳಿ ಹೋದರು. ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಜೂನ್ ತಿಂಗಳಲ್ಲಿ ಅಷ್ಟು ಹಣ ಹೊಂದಿಸುವುದು ಸಾಧ್ಯವಿರಲಿಲ್ಲ. ಅದಕ್ಕೂ ಮಿಗಿಲಾಗಿ ಆ ಮಾತೇ ನನಗೆ ಒಪ್ಪಿಗೆಯಾಗಲಿಲ್ಲ. ಊರಿನಲ್ಲಿ ನಮ್ಮ ತಂದೆಯವರ ಬೋರ್‌ವೆಲ್ಲಿನ ಸಿಂಗಲ್ ಫೇಸ್ ಮೋಟಾರು ಹೀಗೆಯೇ ಗುಂಯ್‌ಗುಟ್ಟಿ ನಿಂತಾಗ ಅವರು ಮೊದಲು ಕೈ ಹಾಕುತ್ತಿದ್ದುದು ಸ್ಟಾರ್ಟರ್ ಪೆಟ್ಟಿಗೆಯೊಳಗಿನ, ಚಾರ್ಜ್ ಹಿಡಿದಿಟ್ಟು ಬಿಡುವ ಕೆಪಾಸಿಟರಿಗೆ; ಮೋಟಾರನ್ನು ಮೇಲೆತ್ತುವ ಮಾತು ಆಮೇಲೆ.

ಮನೆಗೆ ಬರುವ ಒಂದೇ ಫೇಸಿನ ವಿದ್ಯುತ್ತಿನಿಂದ ಒಂದು ಕಾಯಿಲ್ ಅಷ್ಟೇ ಕೆಲಸ ಮಾಡಿದರೆ ಮೋಟಾರಿನ ಒಳಗಿನ ಕಾಂತಬಲ ಹಿಂದೆ ಮುಂದೆ ತುಯ್ಯುತ್ತದೆಯೇ ಹೊರತು ಸುತ್ತುವುದಿಲ್ಲ. ಎರಡನೆಯ ಕಾಯಿಲಿಗೆ ಹೋಗುವ ಕರೆಂಟನ್ನು ಕೆಪಾಸಿಟರ್ ಸಮಯದಲ್ಲಿ ಸ್ವಲ್ಪ ಮುಂದಕ್ಕೆ ಸರಿಸುವುದರಿಂದಲೇ ಮೋಟಾರಿಗೆ ತಿರುಗುವ ದಿಕ್ಕು ಸಿಗುತ್ತದೆ. ಕೆಪಾಸಿಟರ್ ಸೊರಗಿದರೆ ಕರೆಂಟು ಹರಿಯುತ್ತದೆ, ಸದ್ದು ಬರುತ್ತದೆ, ಆದರೆ ತಿರುಗಲು ಬೇಕಾದ ಬಲ ಹುಟ್ಟುವುದಿಲ್ಲ. ಆ ಸ್ಥಿತಿಯಲ್ಲಿ ಬಿಟ್ಟರೆ ಮೋಟಾರು ಕಾಯ್ದು, ಚೆನ್ನಾಗಿದ್ದ ಕಾಯಿಲ್ ನಿಜವಾಗಿಯೂ ಸುಟ್ಟುಹೋಗುತ್ತದೆ. ಆದ್ದರಿಂದ ಗುಂಯ್‌ಗುಡುವ ಮಷೀನನ್ನು ಪದೇ ಪದೇ ಆನ್ ಮಾಡಿ ನೋಡಬಾರದು.

ಹಣ ಕಡಿಮೆ ಇರುವಾಗ ಬಿಡಿಭಾಗ ಕೊಳ್ಳುವುದಕ್ಕಿಂತ ಮುಂಚೆ ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ಅದಕ್ಕೆ ಖರ್ಚೇನೂ ಇಲ್ಲ. ಮೊದಲು ಪ್ಲಗ್ ಕಿತ್ತು, ನೀರು ಖಾಲಿ ಮಾಡಿ, ಪಲ್ಸೇಟರನ್ನು ಕೈಯಿಂದ ತಿರುಗಿಸಿ ನೋಡಿದೆ. ಸ್ವಲ್ಪ ಬಿಗಿಯಾಗಿದ್ದರೂ ತಿರುಗಿತು. ಅನಂತರ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ವೈರುಗಳು ಎಲ್ಲೆಲ್ಲಿ ಸೇರಿವೆ ಎಂಬುದರ ಫೋಟೋ ತೆಗೆದುಕೊಂಡು, ಮೋಟಾರಿನಿಂದ ಗೇರ್‌ಬಾಕ್ಸಿಗೆ ಹೋಗುವ ಬೆಲ್ಟನ್ನು ಕಳಚಿದೆ. ನಮ್ಮ ಯಜಮಾನರು ಸ್ವಿಚ್ಚಿನ ಬಳಿ ನಿಂತರು, ನಾನು ಮಷೀನಿನಿಂದ ದೂರ ಸರಿದೆ, ಒಂದು ಕ್ಷಣ ಮಾತ್ರ ಆನ್ ಮಾಡಿದೆವು. ಬೆಲ್ಟ್ ಇಲ್ಲದಿರುವಾಗ ಮೋಟಾರು ಸಲೀಸಾಗಿ ತಿರುಗಿದ್ದರೆ ತೊಂದರೆ ಗೇರ್‌ಬಾಕ್ಸಿನಲ್ಲೋ ಪಲ್ಸೇಟರಿನಲ್ಲೋ ಇದೆ ಎಂದಾಗುತ್ತಿತ್ತು. ಹೊರೆ ಏನೂ ಇಲ್ಲದೆಯೂ ಅದು ಗುಂಯ್‌ಗುಟ್ಟಿದ್ದರಿಂದ ಕೆಪಾಸಿಟರ್, ಕಾಯಿಲ್ ಅಥವಾ ಟೈಮರ್, ಈ ಮೂರರ ಹೊರಗೆ ಹುಡುಕುವ ಅಗತ್ಯ ಉಳಿಯಲಿಲ್ಲ.

ಪಕ್ಕದ ಮನೆಯಲ್ಲಿ ಐಟಿಐ ಓದುತ್ತಿರುವ ಹುಡುಗನಿಂದ, ಕೆಪಾಸಿಟರನ್ನೂ ಅಳೆಯಬಲ್ಲ ಮಲ್ಟಿಮೀಟರ್ ಎರವಲು ಸಿಕ್ಕಿತು. ಪ್ಲಗ್ ಕಿತ್ತಿದ್ದರೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದಾದ ಕಾರಣ ಅದರ ವೈರುಗಳ ತುದಿಗೆ ಹೋಲ್ಡರಿನಲ್ಲಿದ್ದ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬಿನ ವೈರುಗಳನ್ನು ತಾಗಿಸಿ, ಚಾರ್ಜ್ ಇಳಿದ ಮೇಲೆಯೇ ಕಳಚಿದೆ. ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಜೋಡಿಸಿ ಕಿಡಿ ಹಾರಿಸುವ ಅಭ್ಯಾಸ ಹಲವರಿಗಿದೆ. ಅದು ಕೆಪಾಸಿಟರಿಗೂ ಕೈಗೂ ಒಳ್ಳೆಯದಲ್ಲ. ಒಗೆಯುವ ಮೋಟಾರು ಎರಡೂ ದಿಕ್ಕಿಗೆ ತಿರುಗಬೇಕಾದ್ದರಿಂದ ಅದರ ಎರಡು ಕಾಯಿಲ್‌ಗಳೂ ಸಮನಾಗಿರುತ್ತವೆ. ಎರಡೂ ಕಾಯಿಲ್‌ಗಳು ಸೇರುವ ಕಾಮನ್ ವೈರಿನಿಂದ ಒಂದೊಂದು ತುದಿಗೂ ಅಳೆದಾಗ ಮೀಟರ್ 22 ಓಮ್ ತೋರಿಸಿತು, ಎರಡು ತುದಿಗಳ ನಡುವೆ 44. ಮೋಟಾರಿನ ಲೋಹದ ಮೈಗೂ ಕಾಯಿಲಿಗೂ ಸಂಪರ್ಕವಿರಲಿಲ್ಲ. ಸುಟ್ಟಿದೆ ಎನ್ನಲಾದ ಕಾಯಿಲ್ ಸರಿಯಾಗಿಯೇ ಇತ್ತು. ಕೆಪಾಸಿಟರಿನ ಮೇಲೆ 10 ಮೈಕ್ರೋಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ, ಅಂಗಡಿಯವರ ಮಾತಿನಲ್ಲಿ ಎಂಎಫ್‌ಡಿ) ಎಂದು ಮುದ್ರಿಸಿದ್ದ ಭಾಗವನ್ನು ಅಳೆದರೆ ಬಂದದ್ದು 4ಕ್ಕಿಂತ ಕಡಿಮೆ.

ಈ ಕೆಪಾಸಿಟರಿನ ಒಳಗಿರುವುದು ಲೋಹ ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಯ ಸುರುಳಿ. ವೋಲ್ಟೇಜಿನ ಹೊಡೆತಕ್ಕೆ ಹಾಳೆಯಲ್ಲಿ ಸೂಕ್ಷ್ಮ ರಂಧ್ರವಾದರೆ ಅದರ ಸುತ್ತಲಿನ ಲೋಹ ಆವಿಯಾಗಿ ಆ ಜಾಗ ತಾನಾಗಿಯೇ ಬೇರ್ಪಡುತ್ತದೆ. ಕೆಪಾಸಿಟರ್ ಒಮ್ಮೆಲೇ ಸಾಯದೆ ಪ್ರತಿ ಸಲವೂ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತ ಹೋಗುತ್ತದೆ. ನಮ್ಮ ಮಷೀನು ಬಟ್ಟೆ ಹೆಚ್ಚಾದಾಗಲೆಲ್ಲ ತಿಂಗಳುಗಳಿಂದ ತಡವರಿಸುತ್ತಿದ್ದುದಕ್ಕೂ ಇದೇ ಕಾರಣವೆಂದು ಆಗ ಅರ್ಥವಾಯಿತು.

ಹಳೆಯ ಕೆಪಾಸಿಟರನ್ನೇ ಹಿಡಿದು ಪೇಟೆ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. "ಎಂಎಫ್‌ಡಿ ಇದೇ ಇರಬೇಕು ಅಕ್ಕ, ವೋಲ್ಟು ಇದಕ್ಕಿಂತ ಕಡಿಮೆ ಇರಬಾರದು ಅಷ್ಟೆ" ಎಂದು ಅಂಗಡಿಯವರು 440 ವೋಲ್ಟಿನ, ಮೂರು ವೈರಿನ ಜೋಡಿ ಕೆಪಾಸಿಟರನ್ನು 160 ರೂಪಾಯಿಗೆ ಕೊಟ್ಟರು. ಒಗೆಯುವ ಮತ್ತು ಹಿಂಡುವ ಎರಡೂ ಮೋಟಾರುಗಳಿಗೆ ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಸಾಮರ್ಥ್ಯದ ಕೆಪಾಸಿಟರ್‌ಗಳಿರುವುದರಿಂದ ಯಾವ ವೈರು ಯಾವುದಕ್ಕೆ ಎಂಬುದನ್ನು ಫೋಟೋ ನೋಡಿಯೇ ಜೋಡಿಸಿ, ಜೋಡಣೆಗಳಿಗೆ ಇನ್ಸುಲೇಷನ್ ಟೇಪು ಸುತ್ತಿ, ನೀರು ತಾಗದಂತೆ ಎತ್ತರಕ್ಕೆ ಕಟ್ಟಿದೆ. ಬೆಲ್ಟ್ ಬಿರುಕು ಬಿಟ್ಟಿತ್ತು. ಅದರ ಮೇಲಿನ ನಂಬರಿನದು ಇಲ್ಲಿ ಸಿಗದೆ ಮೈಸೂರಿನ ಶಿವರಾಂಪೇಟೆಯಿಂದ 140 ರೂಪಾಯಿಗೆ ತರಿಸಿದೆವು. ಮೋಟಾರಿನ ಬೋಲ್ಟುಗಳು ಕೂರುವ ರಂಧ್ರಗಳು ಉದ್ದವಾಗಿರುತ್ತವೆ. ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು ಅರ್ಧ ಇಂಚು ತಗ್ಗುವಷ್ಟು ಬಿಗಿ ಬರುವಂತೆ ಮೋಟಾರನ್ನು ಸರಿಸಿ ಬೋಲ್ಟು ಬಿಗಿದೆ.

ಪಲ್ಸೇಟರ್ ಬಿಗಿಯಾಗಿದ್ದುದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ, ಏಕೆಂದರೆ ಆ ಬಿಗಿಯೂ ಮೋಟಾರಿನ ಮೇಲಿನ ಹೊರೆಯೇ. ನಡುವಿನ ಸ್ಕ್ರೂ ಬಿಚ್ಚಿ ಅದನ್ನು ಮೇಲೆತ್ತಿದರೆ ಅಡಿಯಲ್ಲಿ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಗಟ್ಟಿ ಪದರವಾಗಿ ಕೂತಿತ್ತು. ಶಾಫ್ಟಿಗೆ ಕೂದಲು, ನೂಲು ಸುತ್ತಿಕೊಂಡಿದ್ದವು, ಒಂದು ಸೇಫ್ಟಿ ಪಿನ್ನೂ ಸಿಕ್ಕಿತು. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿ ನೀರಿನಲ್ಲಿ ಕರಗಿಸಿ ಸುರಿದು ರಾತ್ರಿಯಿಡೀ ಬಿಟ್ಟಾಗ ಆ ಪದರ ಮೆತ್ತಗಾಗಿ ಬ್ರಷ್ಷಿಗೆ ಬಂದಿತು. ಗಡಸು ನೀರಿರುವ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೊದಲು ಬಟ್ಟೆಯಿಲ್ಲದೆ ನೀರು ಮಾತ್ರ ತುಂಬಿ ಓಡಿಸಿ, ಪ್ಲಗ್ ಕಿತ್ತು ಮೋಟಾರಿನ ಬಿಸಿ ನೋಡಿದೆ, ಉಗುರು ಬೆಚ್ಚಗಿತ್ತು. ಆಮೇಲೆಯೇ ಬೆಡ್‌ಶೀಟುಗಳನ್ನು ಹಾಕಿದ್ದು. ಅದೇ ಮೀಟರಿನಿಂದ ಮಷೀನಿನ ಸಾಕೆಟ್ಟನ್ನೂ ಪರೀಕ್ಷಿಸಿದಾಗ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟಿನ ಆಸುಪಾಸು ಇದ್ದರೂ ಫೇಸಿಗೂ ಅರ್ತಿಗೂ ನಡುವೆ ಅದರ ಅರ್ಧವೂ ಇರಲಿಲ್ಲ. ಅಂದರೆ ಅರ್ತಿಂಗ್ ಸರಿಯಿರಲಿಲ್ಲ. ಒದ್ದೆ ಕೈಯಿಂದ ಮುಟ್ಟುವ ಯಂತ್ರಕ್ಕೆ ಅರ್ತಿಂಗ್ ಇಲ್ಲದಿರುವುದು ಜೀವಕ್ಕೇ ಅಪಾಯ. ಮಷೀನಿನ ಕೆಲಸ ನಾನೇ ಮಾಡಿದರೂ ಇದನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿದೆ, ಮನೆಯ ಮಾಲೀಕರು ಅದರ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಂಡರು.